ಗಾಳಿದೋಣಿಯ ಸೂಕ್ಷ್ಮ ಸೋರಿಕೆ: ನಿದಾನ ಮತ್ತು ಚಿಕಿತ್ಸೆ

ಹರಿಯುವ ನೀರನ್ನು ದಾಟುವುದಕ್ಕೆ ಮನುಷ್ಯನು ಕಂಡುಕೊಂಡ ಉಪಾಯಗಳು ಅನೇಕ. ಅವುಗಳಲ್ಲಿ ಗಾಳಿಯನ್ನೇ ಆಧಾರವಾಗಿ ಮಾಡಿಕೊಂಡ ಉಪಾಯವು ಬಹು ಪ್ರಾಚೀನವಾದುದು. ಕ್ರಿಸ್ತಪೂರ್ವ ಒಂಬತ್ತನೆಯ ಶತಮಾನದ ಅಸ್ಸೀರಿಯಾ ದೇಶದ ಶಿಲಾಫಲಕಗಳಲ್ಲಿ, ಗಾಳಿ ತುಂಬಿದ ಚರ್ಮದ ಚೀಲಗಳನ್ನು ಅವಚಿಕೊಂಡು ನದಿಯನ್ನು ಈಜುತ್ತಿರುವ ಯೋಧರ ಚಿತ್ರವನ್ನು ಕೆತ್ತಲಾಗಿದೆ. ಆ ಫಲಕಗಳು ಇಂದು ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿವೆ. ಈಚಿನ ಕಾಲಕ್ಕೆ ಬಂದರೆ, 1952ರಲ್ಲಿ ಅಲೆನ್ ಬೊಂಬಾರ್ ಎಂಬ ಫ್ರೆಂಚ್ ವೈದ್ಯನು ಸುಮಾರು 15 ಅಡಿ ಉದ್ದದ ರಬ್ಬರು ದೋಣಿಯಲ್ಲಿ ಒಬ್ಬನೇ ಕುಳಿತು, ಕೆನರಿ ದ್ವೀಪಗಳಿಂದ ಬಾರ್ಬಡೋಸ್ ದ್ವೀಪದವರೆಗೆ ಅಟ್ಲಾಂಟಿಕ್ ಮಹಾಸಾಗರವನ್ನು 65 ದಿನಗಳಲ್ಲಿ ದಾಟಿದನು. ಗಾಳಿ ತುಂಬಿದ ದೋಣಿಯು ಮಕ್ಕಳ ಆಟದ ವಸ್ತುವಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ಪ್ರಮಾಣ ಬೇಕಾಗಿಲ್ಲ.

ನಮ್ಮ ಸೀಮೆಯ ಜನರಿಗೆ ಈ ದೋಣಿಯ ಪರಿಚಯವಾದುದು ನೆರೆಯ ದಿನಗಳಲ್ಲಿ. 2009ರ ಸೆಪ್ಟೆಂಬರ್ ಕೊನೆ ಹಾಗೂ ಅಕ್ಟೋಬರ್ ಆರಂಭದಲ್ಲಿ ಉತ್ತರ ಕರ್ನಾಟಕವು ಮಹಾಮಳೆಗೆ ತುತ್ತಾದಾಗಲೂ, 2019ರ ಆಗಸ್ಟ್ ತಿಂಗಳಲ್ಲಿ ಕೃಷ್ಣಾ, ಘಟಪ್ರಭಾ, ಮಲಪ್ರಭಾ ನದಿಗಳು ಊರೊಳಕ್ಕೆ ನುಗ್ಗಿದಾಗಲೂ ಮಾಳಿಗೆಯ ಮೇಲೆ ಸಿಕ್ಕಿಬಿದ್ದ ವೃದ್ಧರನ್ನೂ ಮಕ್ಕಳನ್ನೂ ಬಾಣಂತಿಯರನ್ನೂ ದಡಕ್ಕೆ ತಂದುದರಲ್ಲಿ ಇಂತಹ ದೋಣಿಗಳ ಪಾತ್ರವು ದೊಡ್ಡದು. ನಮ್ಮ ಶಾಲೆಯ ಉಗ್ರಾಣದಲ್ಲಿಯೂ ಹಳೆಯ ವಿದ್ಯಾರ್ಥಿಗಳು ಕೂಡಿ ಅರ್ಪಿಸಿದ ಒಂದು ಗಾಳಿದೋಣಿಯಿದೆ. ಅದರ ಪಾಲನೆಯ ಹೊಣೆಯನ್ನು ಶ್ರೀಮಠವು ಶಿಕ್ಷಕವರ್ಗಕ್ಕೆ ಒಪ್ಪಿಸಿರುವುದರಿಂದ, ವ್ಯಾಕರಣವನ್ನು ಬೋಧಿಸುವ ನನಗೂ ಈ ವಿದ್ಯೆಯನ್ನು ಅಭ್ಯಾಸ ಮಾಡುವ ಸಂದರ್ಭ ಒದಗಿತು. ತಿಳಿದುದನ್ನು ವಾಚಕರ ಮುಂದೆ ಇಡುವುದು ಈ ಲೇಖನದ ಉದ್ದೇಶ.

ನಮ್ಮ ಪೂರ್ವಿಕರ ಹರಿಗೋಲಿಗೂ ಈ ದೋಣಿಗೂ ಒಂದು ಮುಖ್ಯ ವ್ಯತ್ಯಾಸವುಂಟು. ಬಿದಿರಿನ ಹಂದರಕ್ಕೆ ಚರ್ಮವನ್ನು ಹೊದಿಸಿದ ಹರಿಗೋಲುಗಳನ್ನು ಹದಿನಾರನೆಯ ಶತಮಾನದಲ್ಲಿ ವಿಜಯನಗರಕ್ಕೆ ಬಂದ ಪೋರ್ತುಗೀಜ್ ಪ್ರವಾಸಿ ದೊಮಿಂಗೊ ಪಾಯಸ್ ಕಂಡು ವರ್ಣಿಸಿದ್ದಾನೆ. ಹರಿಗೋಲು ಸೋರಿದರೆ ನೀರು ಒಳಕ್ಕೆ ಬರುತ್ತದೆ, ಕಾಲು ಒದ್ದೆಯಾಗುತ್ತದೆ, ಅಂಬಿಗನು ಕೂಡಲೇ ಎಚ್ಚರಗೊಳ್ಳುತ್ತಾನೆ. ಗಾಳಿದೋಣಿ ಸೋರಿದರೆ ಗಾಳಿ ಹೊರಕ್ಕೆ ಹೋಗುತ್ತದೆ. ಅದಕ್ಕೆ ರೂಪವಿಲ್ಲ, ಬಣ್ಣವಿಲ್ಲ; ಸೋರಿಕೆ ಸಣ್ಣದಾದರೆ ಶಬ್ದವೂ ಇಲ್ಲ. ಮುಂಜಾನೆ ಬಿಗಿಯಾಗಿ ತುಂಬಿದ ದೋಣಿಯು ಮಧ್ಯಾಹ್ನ ಎಂಟು ಜನರನ್ನು ಹೊತ್ತು ಸೆಳವಿನ ನಡುವೆ ಇರುವಾಗ ಮೆತ್ತಗಾಗುತ್ತದೆ. ಮೆತ್ತಗಾದ ದೋಣಿಯು ನಡುವಿನಲ್ಲಿ ಬಾಗುತ್ತದೆ. ಅಂಚು ತಗ್ಗಿ ನೀರು ಒಳನುಗ್ಗುತ್ತದೆ. ಹಿಂಬದಿಯ ಹಲಗೆಗೆ ಕಟ್ಟಿದ ಎಂಜಿನ್ನು ಓಲಾಡಿ ದಿಕ್ಕು ತಪ್ಪುತ್ತದೆ. ಒಮ್ಮೆಲೇ ಹರಿದ ದೋಣಿಯನ್ನು ಯಾರೂ ನೀರಿಗೆ ಇಳಿಸುವುದಿಲ್ಲ. ನಿಧಾನವಾಗಿ ಸೋರುವ ದೋಣಿಯನ್ನಾದರೋ ನಂಬಿ ಇಳಿಸುತ್ತಾರೆ. ಅಪಾಯವಿರುವುದು ಈ ನಂಬಿಕೆಯಲ್ಲಿಯೇ.

ಆಯುರ್ವೇದದಲ್ಲಿ ರೋಗದ ಮೂಲವನ್ನು ಶೋಧಿಸುವುದಕ್ಕೆ ‘ನಿದಾನ’ವೆಂದು ಹೆಸರು. ಮಹಾಪ್ರಾಣ ಸೇರಿದ ‘ನಿಧಾನ’ಕ್ಕೆ ನಮ್ಮ ರೂಢಿಯಲ್ಲಿ ಸಾವಕಾಶವೆಂಬ ಅರ್ಥ. ವಿದ್ಯಾರ್ಥಿಗಳು ಈ ಎರಡನ್ನೂ ಕೂಡಿಸಿ ಬರೆದು ಅಂಕ ಕಳೆದುಕೊಳ್ಳುವುದುಂಟು. ದೋಣಿಯ ವಿಷಯದಲ್ಲಿ ಮಾತ್ರ ಎರಡೂ ಬೇಕು: ನಿಧಾನವಾದ ಸೋರಿಕೆಗೆ ನಿಧಾನವಾಗಿ ಮಾಡಿದ ನಿದಾನವೇ ಮೊದಲನೆಯ ಮದ್ದು.

ದೋಣಿಯ ರಚನೆ

ಗಾಳಿದೋಣಿಯ ಸುತ್ತಲಿನ ದಪ್ಪ ಕೊಳವೆಯು ಹೊರಗಿನಿಂದ ನೋಡಲು ಒಂದೇ ಆಗಿ ಕಂಡರೂ ಒಳಗೆ ಮೂರು, ನಾಲ್ಕು ಅಥವಾ ಐದು ಕೋಣೆಗಳಾಗಿ ವಿಭಾಗಗೊಂಡಿರುತ್ತದೆ. ಕೋಣೆಕೋಣೆಗಳ ನಡುವೆ ಅಡ್ಡತೆರೆಗಳಿರುತ್ತವೆ. ಪ್ರತಿಯೊಂದು ಕೋಣೆಗೂ ಗಾಳಿ ತುಂಬುವ ಪ್ರತ್ಯೇಕವಾದ ವಾಲ್ವು ಇರುತ್ತದೆ. ಒಂದು ಕೋಣೆ ಕೆಟ್ಟರೂ ಉಳಿದವು ದೋಣಿಯನ್ನು ತೇಲಿಸಲಿ ಎಂಬುದು ಈ ವ್ಯವಸ್ಥೆಯ ತಾತ್ಪರ್ಯ.

ಕೊಳವೆಯಲ್ಲಿ ತುಂಬುವ ಗಾಳಿಯ ಒತ್ತಡವು ಸಾಮಾನ್ಯವಾಗಿ 0.2ರಿಂದ 0.25 ಬಾರ್, ಎಂದರೆ ಚದರ ಅಂಗುಲಕ್ಕೆ ಸುಮಾರು 3ರಿಂದ 3.6 ಪೌಂಡು. ಮೋಟಾರು ಕಾರಿನ ಚಕ್ರದಲ್ಲಿರುವುದು ಸುಮಾರು 30 ಪೌಂಡು. ಆದುದರಿಂದ ಬೇಗನೆ ಕೆಲಸವಾಗಲೆಂದು ದೋಣಿಯನ್ನು ಪಂಕ್ಚರ್ ಅಂಗಡಿಗೆ ಒಯ್ದು ಅಲ್ಲಿನ ಗಾಳಿಯಂತ್ರದಿಂದ ತುಂಬಿಸಕೂಡದು. ಬೆಸೆದ ಅಂಚುಗಳೂ ಅಡ್ಡತೆರೆಗಳೂ ಕಿತ್ತುಹೋಗುವ ಸಂಭವವುಂಟು. ದೋಣಿಯ ಜೊತೆಗೆ ಬಂದ ಕೈಪಂಪು ಅಥವಾ ಕಾಲುಪಂಪಿನಿಂದಲೇ, ಎಲ್ಲ ಕೋಣೆಗಳನ್ನೂ ಮೊದಲು ಅರ್ಧರ್ಧ ತುಂಬಿ, ಅನಂತರ ಕ್ರಮವಾಗಿ ಪೂರ್ಣಗೊಳಿಸತಕ್ಕದ್ದು. ಒಂದನ್ನು ಬಿಗಿಯಾಗಿ ತುಂಬಿ ಪಕ್ಕದ್ದನ್ನು ಖಾಲಿ ಬಿಟ್ಟರೆ ನಡುವಿನ ತೆರೆಯ ಮೇಲೆ ಭಾರ ಬೀಳುತ್ತದೆ.

ಸೋರಿಕೆಯೋ ಶೈತ್ಯವೋ?

ಹಿಂದಿನ ದಿನ ಬಿಗಿಯಾಗಿದ್ದ ದೋಣಿಯು ಮರುದಿನ ಮೆತ್ತಗಾದ ಮಾತ್ರಕ್ಕೆ ಅದು ಸೋರುತ್ತಿದೆಯೆಂದು ನಿರ್ಣಯಿಸಲಾಗದು. ಗಾಳಿಯು ಕಾದರೆ ಹಿಗ್ಗುತ್ತದೆ, ತಣಿದರೆ ಕುಗ್ಗುತ್ತದೆ. ಮಧ್ಯಾಹ್ನ 35 ಡಿಗ್ರಿ ಸೆಲ್ಸಿಯಸ್ ಬಿಸಿಯಿರುವಾಗ 0.25 ಬಾರ್ ಒತ್ತಡಕ್ಕೆ ತುಂಬಿದ ಕೋಣೆಯು, ಬೆಳಗಿನ ಜಾವ 25 ಡಿಗ್ರಿಗೆ ತಣಿದಾಗ, ಒಂದಿಷ್ಟೂ ಗಾಳಿಯನ್ನು ಕಳೆದುಕೊಳ್ಳದೆಯೇ ಸುಮಾರು 0.21 ಬಾರ್ ತೋರಿಸುತ್ತದೆ. ಆರರಲ್ಲಿ ಒಂದು ಪಾಲು ಒತ್ತಡವು ಕೇವಲ ಶೈತ್ಯದಿಂದ ಇಳಿಯಿತು. ಬಿಸಿಲಿನಲ್ಲಿ ತುಂಬಿದ ದೋಣಿಯನ್ನು ತಣ್ಣನೆಯ ಹೊಳೆಗೆ ಇಳಿಸಿದಾಗಲೂ ಹೀಗೆಯೇ ಆಗುತ್ತದೆ. ಆಗ ಪಂಪಿನಿಂದ ಒಂದಿಷ್ಟು ಗಾಳಿ ಸೇರಿಸಿದರೆ ಸಾಕು. ಇದರ ವಿಪರ್ಯಯವೂ ಉಂಟು. 25 ಡಿಗ್ರಿಯಲ್ಲಿ 0.25 ಬಾರ್ ತುಂಬಿದ ದೋಣಿಯ ಒಳಗಾಳಿಯು ಬಿಸಿಲಿನಲ್ಲಿ 45 ಡಿಗ್ರಿಗೆ ಕಾದರೆ ಒತ್ತಡವು ಮೂರರಲ್ಲಿ ಒಂದು ಪಾಲು ಏರುತ್ತದೆ. ಆದಕಾರಣ ತುಂಬಿದ ದೋಣಿಯನ್ನು ಬಯಲಿನಲ್ಲಿ ಬಿಡುವಾಗ ಸ್ವಲ್ಪ ಗಾಳಿಯನ್ನು ಬಿಟ್ಟಿರಬೇಕು.

ಹೀಗಿರಲಾಗಿ ಪರೀಕ್ಷೆಯ ನಿಯಮವು ಇದು: ದೋಣಿಯನ್ನು ನೆರಳಿನಲ್ಲಿ, ಒಳಗಿನ ಪಡಸಾಲೆಯಲ್ಲಾದರೆ ಇನ್ನೂ ಉತ್ತಮ, ತುಂಬಿ ಇಡಬೇಕು. ಬಹುಕಾಲ ಮಡಿಚಿಟ್ಟ ಬಟ್ಟೆಯು ಮೊದಲ ಕೆಲವು ಗಂಟೆಗಳಲ್ಲಿ ಸ್ವಲ್ಪ ಹಿಗ್ಗಿ ಒತ್ತಡವು ತಾನಾಗಿ ಇಳಿಯುವುದರಿಂದ, ಮತ್ತೊಮ್ಮೆ ಗಾಳಿ ಸೇರಿಸಿ ಆಮೇಲೆ ಲೆಕ್ಕವನ್ನು ಆರಂಭಿಸಬೇಕು. ಮುಂಜಾನೆಯ ಒತ್ತಡವನ್ನು ಮರುದಿನದ ಮುಂಜಾನೆಯ ಒತ್ತಡದೊಡನೆ ಹೋಲಿಸಬೇಕಲ್ಲದೆ ಮಧ್ಯಾಹ್ನದ ಒತ್ತಡದೊಡನೆ ಅಲ್ಲ. ಪ್ರತಿ ಕೋಣೆಯ ಒತ್ತಡವನ್ನೂ ಆ ಹೊತ್ತಿನ ಉಷ್ಣಾಂಶವನ್ನೂ ವಹಿಯಲ್ಲಿ ಬರೆದಿಡಬೇಕು. ಶೈತ್ಯವು ಎಲ್ಲ ಕೋಣೆಗಳನ್ನೂ ಸಮವಾಗಿ ಬಾಧಿಸುತ್ತದೆ. ಸೋರಿಕೆಯು ಬಹುಮಟ್ಟಿಗೆ ಒಂದನ್ನು ಮಾತ್ರ ಬಾಧಿಸುತ್ತದೆ. ಕಳೆದ ಬೇಸಗೆಯಲ್ಲಿ ನಮ್ಮ ಶಾಲೆಯ ದೋಣಿಯ ಮೂರು ಕೋಣೆಗಳನ್ನೂ ಮುಂಜಾನೆ 6 ಗಂಟೆಗೆ 0.25 ಬಾರ್ ಒತ್ತಡಕ್ಕೆ ತಂದು ನಿಲ್ಲಿಸಿದ್ದೆವು. ಮರುದಿನ ಅದೇ ಹೊತ್ತಿಗೆ ಮೊದಲೆರಡು ಕೋಣೆಗಳಲ್ಲಿ 0.24 ಇತ್ತು, ಮೂರನೆಯದರಲ್ಲಿ 0.17 ಮಾತ್ರ. ಕೈಯಿಂದ ಒತ್ತಿ ನೋಡಿದರೆ ಮೂರಕ್ಕೂ ಹೆಚ್ಚಿನ ಭೇದ ತಿಳಿಯುವಂತಿರಲಿಲ್ಲ. ದೋಷವನ್ನು ಹೇಳಿದುದು ವಹಿ.

ಶೋಧನೆಯ ಕ್ರಮ

ಕೋಣೆ ಯಾವುದೆಂದು ನಿಶ್ಚಯವಾದ ಮೇಲೆ ಸ್ಥಳವನ್ನು ಹುಡುಕಬೇಕು. ಸೈಕಲ್ಲಿನ ಟ್ಯೂಬನ್ನು ನೀರಿನ ತೊಟ್ಟಿಯಲ್ಲಿ ಮುಳುಗಿಸಿ ಗುಳ್ಳೆ ನೋಡುವಂತೆ ದೋಣಿಯನ್ನು ಮುಳುಗಿಸಲು ಸಾಧ್ಯವಿಲ್ಲ. ಅದಕ್ಕೆ ಬದಲಾಗಿ ಸಾಬೂನು ನೀರು. ಪಾತ್ರೆ ತೊಳೆಯುವ ದ್ರವಸಾಬೂನನ್ನು ನೀರಿನಲ್ಲಿ ಕದಡಿ, ಮೆತ್ತನೆಯ ಕುಂಚದಿಂದ ಬಿಗಿಯಾಗಿ ತುಂಬಿದ ಕೋಣೆಗೆ ಸವರಬೇಕು. ದೊಡ್ಡ ರಂಧ್ರವಿದ್ದಲ್ಲಿ ಗುಳ್ಳೆಗಳು ಕೂಡಲೇ ಏಳುತ್ತವೆ. ಸೂಕ್ಷ್ಮ ರಂಧ್ರವಿದ್ದಲ್ಲಿ ಹಾಗಾಗದು. ಒಂದೆರಡು ನಿಮಿಷಗಳ ಮೇಲೆ ಸಾಸಿವೆಯಷ್ಟು ಬಿಳಿಯ ನೊರೆಯು ಒಂದೇ ಕಡೆ ಗುಂಪುಗೂಡುತ್ತದೆ. ಸವರಿ ಕೂಡಲೇ ಮುಂದೆ ಸರಿಯುವವನ ಕಣ್ಣಿಗೆ ಅದು ಬೀಳುವುದಿಲ್ಲ. ಆದುದರಿಂದ ಒಂದೊಂದು ಮೊಳದಷ್ಟು ಭಾಗವನ್ನು ಸವರಿ, ನಿಂತು, ನೋಡಿ, ಮುಂದುವರಿಯಬೇಕು.

ತರ್ಕದಲ್ಲಿ ಸ್ಥಾಲೀಪುಲಾಕ ನ್ಯಾಯವೆಂಬುದೊಂದುಂಟು. ಅಗುಳೊಂದನ್ನು ಹಿಚುಕಿ ಇಡೀ ಮಡಕೆಯ ಅನ್ನ ಬೆಂದಿದೆಯೆಂದು ತಿಳಿಯುವುದು ಅದರ ಅರ್ಥ. ದೋಣಿಯಲ್ಲಿ ಈ ನ್ಯಾಯವು ಸಲ್ಲದು. ಒಂದು ಕಡೆ ಸರಿಯಾಗಿದ್ದ ಮಾತ್ರಕ್ಕೆ ಇನ್ನೊಂದು ಕಡೆ ಸರಿಯೆಂದು ಹೇಳುವಂತಿಲ್ಲ. ಅಂಗುಲ ಅಂಗುಲವನ್ನೂ ನೋಡಲೇಬೇಕು. ಆದರೆ ದೋಷವು ಹೆಚ್ಚಾಗಿ ಇರುವ ತಾಣಗಳಿಂದ ಆರಂಭಿಸುವುದು ವಿವೇಕ.

ಮೊದಲನೆಯ ತಾಣ ವಾಲ್ವು. ಮುಚ್ಚಳವನ್ನು ತೆಗೆದು ವಾಲ್ವಿನ ಗುಳಿಗೆ ಸಾಬೂನು ನೀರು ಬಿಡಬೇಕು. ಗುಳ್ಳೆ ನಟ್ಟನಡುವೆ ಎದ್ದರೆ ಒಳಗಿನ ರಬ್ಬರು ಬಿಲ್ಲೆಗೆ ಮರಳು ಅಥವಾ ಧೂಳು ಹತ್ತಿದೆ, ಇಲ್ಲವೆ ಬಿಲ್ಲೆ ಸವೆದಿದೆ. ಬಿಲ್ಲೆಯನ್ನು ಒಂದೆರಡು ಸಲ ಒತ್ತಿ ಗಾಳಿಯನ್ನು ರಭಸದಿಂದ ಬಿಟ್ಟರೆ ಮರಳು ಹಾರಿಹೋಗಿ ದೋಷವು ಅಲ್ಲಿಯೇ ಪರಿಹಾರವಾಗುವುದುಂಟು. ಹಾಗಾಗದಿದ್ದರೆ ವಾಲ್ವಿನ ಒಳಭಾಗವನ್ನು ಬದಲಿಸಬೇಕು. ಗುಳ್ಳೆಯು ಅಂಚಿನ ಸುತ್ತ ಎದ್ದರೆ ವಾಲ್ವು ಬಟ್ಟೆಯಲ್ಲಿ ಸಡಿಲಗೊಂಡಿದೆಯೆಂದು ತಿಳಿದು, ಅದಕ್ಕೆಂದೇ ಇರುವ ಕೀಲಿಯಿಂದ ಬಿಗಿಗೊಳಿಸಬೇಕು. ಎಂಜಿನ್ ಎಣ್ಣೆ, ಗ್ರೀಸು ಮೊದಲಾದುವನ್ನು ರಬ್ಬರಿಗೆ ಸೋಂಕಿಸಲಾಗದು. ಮುಚ್ಚಳವೆಂಬುದು ಅಲಂಕಾರಕ್ಕಲ್ಲ, ಅದು ಎರಡನೆಯ ಬಾಗಿಲು. ಅದಿಲ್ಲದ ದೋಣಿಯನ್ನು ಸಿದ್ಧವೆಂದು ಎಣಿಸಬಾರದು.

ಎರಡನೆಯ ತಾಣ ಸಂಧಿ. ವ್ಯಾಕರಣದಲ್ಲಿ ಎರಡು ಅಕ್ಷರಗಳು ಕೂಡುವಲ್ಲಿ ಲೋಪ, ಆಗಮ, ಆದೇಶಗಳು ಆಗುವಂತೆ, ದೋಣಿಯಲ್ಲಿಯೂ ಎರಡು ಭಾಗಗಳು ಕೂಡುವಲ್ಲಿಯೇ ವಿಕಾರ ಹೆಚ್ಚು. ಬಟ್ಟೆಯ ಅಂಚು ಅಂಚಿನ ಮೇಲೆ ಬೆಸೆದ ಗೆರೆ, ನೆಲಹಾಸು ಕೊಳವೆಗೆ ಸೇರುವ ಮೂಲೆ, ಹಿಂಬದಿಯ ಹಲಗೆಯ ಇಕ್ಕೆಲ, ಹಿಡಿಕೆಗಳ ಬುಡ, ಹುಟ್ಟಿನ ಬಳೆಗಳ ಬುಡ, ಇವನ್ನು ಒಂದೊಂದಾಗಿ ನೋಡಬೇಕು. ನಮ್ಮ ದೋಣಿಯ ಮೂರನೆಯ ಕೋಣೆಯ ದೋಷವು ಸಿಕ್ಕಿದುದು ಹಿಡಿಕೆಯೊಂದರ ಬುಡದ ಪಕ್ಕದಲ್ಲಿ, ಸೂಜಿಮೊನೆಯಷ್ಟು ರಂಧ್ರವಾಗಿ.

ಮೂರನೆಯ ತಾಣ ಮೈ. ಮಡಿಕೆ ಬಿದ್ದಲ್ಲಿ, ದಡದ ಕಲ್ಲಿನ ಮೇಲೆ ಎಳೆದಾಡಿದ ತಳದಲ್ಲಿ, ಜಾಲಿಯ ಮುಳ್ಳು ತಾಗಿದಲ್ಲಿ, ಉಗ್ರಾಣದಲ್ಲಿ ಇಲಿ ಕಡಿದಲ್ಲಿ ಹುಡುಕಬೇಕು. ಕೊನೆಗೆ ದೋಣಿಯನ್ನು ಮಗುಚಿ ತಳವನ್ನೂ ಸವರಿ ನೋಡದೆ ಪರೀಕ್ಷೆ ಮುಗಿಯಿತೆನ್ನಲಾಗದು. ಕಂಡ ರಂಧ್ರದ ಸುತ್ತ ಬಾಲ್‌ಪೆನ್ನಿನಿಂದ ವೃತ್ತವನ್ನು ಎಳೆಯಬೇಕು. ಒಂದು ರಂಧ್ರ ಸಿಕ್ಕಿತೆಂದು ನಿಲ್ಲದೆ ಕೋಣೆಯ ಉಳಿದ ಭಾಗವನ್ನೂ ಪೂರ್ಣವಾಗಿ ನೋಡಬೇಕು. ಅನಂತರ ಸಾಬೂನಿನ ಅಂಶವೆಲ್ಲ ಹೋಗುವಂತೆ ಶುದ್ಧಜಲದಿಂದ ತೊಳೆದು ಒಣಗಿಸಬೇಕು. ಸಾಬೂನು ಉಳಿದರೆ ಅಂಟು ಹಿಡಿಯದು.

ಅಡ್ಡತೆರೆಯ ಗುಪ್ತದೋಷ

ಸಾಬೂನು ನೀರಿಗೆ ಕಾಣಿಸದ ದೋಷವೊಂದುಂಟು. ಎರಡು ಕೋಣೆಗಳ ನಡುವಣ ತೆರೆ ಸೋರುತ್ತಿದ್ದರೆ ಗಾಳಿಯು ಹೊರಕ್ಕೆ ಬಾರದೆ ಪಕ್ಕದ ಕೋಣೆಗೆ ಹೋಗುತ್ತದೆ. ಎಲ್ಲ ಕೋಣೆಗಳೂ ಸಮನಾಗಿ ತುಂಬಿರುವಾಗ ಇದು ಗೊತ್ತಾಗುವುದೇ ಇಲ್ಲ. ಹೊಳೆಯಲ್ಲಿ ಒಂದು ಕೋಣೆಗೆ ಮುಳ್ಳು ಚುಚ್ಚಿದ ದಿನ ಎರಡೂ ಕೂಡಿಯೇ ಕುಸಿಯುತ್ತವೆ.

ಇದನ್ನು ಅನ್ವಯ ವ್ಯತಿರೇಕಗಳಿಂದ ತಿಳಿಯಬೇಕು. ಎಡದ ಕೋಣೆ, ಮೂತಿಯ ಕೋಣೆ, ಬಲದ ಕೋಣೆ ಎಂದು ಮೂರಿವೆಯೆಂದು ಭಾವಿಸೋಣ. ಮೂತಿಯ ಕೋಣೆಯನ್ನು ಖಾಲಿ ಮಾಡಿ ಅದರ ವಾಲ್ವನ್ನು ಮುಚ್ಚಿ, ಎಡಬಲಗಳನ್ನು ಅರ್ಧ ಒತ್ತಡಕ್ಕೆ ಮಾತ್ರ ತುಂಬಿ ಒಂದು ಹಗಲು ಬಿಡಬೇಕು. ಮೂತಿಯ ಕೋಣೆ ತಾನಾಗಿ ಉಬ್ಬಿದರೆ ತೆರೆ ಸೋರುತ್ತಿದೆ. ಬಳಿಕ ಎಡವನ್ನು ಮಾತ್ರ ತುಂಬಿ ನೋಡಬೇಕು; ಮೂತಿ ಉಬ್ಬಿದರೆ ಎಡತೆರೆಯಲ್ಲಿ ದೋಷವಿದೆ. ಬಲವನ್ನು ಮಾತ್ರ ತುಂಬಿಯೂ ಹಾಗೆಯೇ ನೋಡಿದರೆ ಸಂದೇಹವು ನಿವಾರಣೆಯಾಗುತ್ತದೆ. ಈ ದೋಷವನ್ನು ಶಾಲೆಯ ಅಂಗಳದಲ್ಲಿ ಸರಿಪಡಿಸಲು ಬಾರದು. ಹಾಗೆಯೇ ಬೆಸೆದ ಅಂಚು ಉದ್ದಕ್ಕೆ ಬಿಟ್ಟಿದ್ದರೆ ಅಥವಾ ಬಟ್ಟೆ ಉದ್ದವಾಗಿ ಹರಿದಿದ್ದರೆ ಅದನ್ನು ನುರಿತ ಕಾರ್ಖಾನೆಗೆ ಕಳುಹಿಸತಕ್ಕದ್ದು.

ತೇಪೆಯ ವಿಧಾನ

ತೇಪೆಗಿಂತ ಮೊದಲು ಬಟ್ಟೆಯ ಜಾತಿಯನ್ನು ತಿಳಿಯಬೇಕು. ಗಾಳಿದೋಣಿಗಳು ಮುಖ್ಯವಾಗಿ ಎರಡು ಬಗೆಯವು: ಪಿವಿಸಿ ಲೇಪಿಸಿದ ಬಟ್ಟೆಯವು ಮತ್ತು ಹೈಪಲಾನ್ ಲೇಪಿಸಿದ ಬಟ್ಟೆಯವು. ಹೈಪಲಾನ್ ಎಂಬುದು ಡ್ಯೂಪಾಂಟ್ ಕಂಪನಿಯು ಒಂದು ಕೃತಕ ರಬ್ಬರಿಗೆ ಇಟ್ಟ ವ್ಯಾಪಾರನಾಮ. ಆ ಕಂಪನಿಯು 2010ರಲ್ಲಿ ಅದರ ತಯಾರಿಕೆಯನ್ನು ನಿಲ್ಲಿಸಿದರೂ, ಇತರರು ತಯಾರಿಸುವ ಅದೇ ಜಾತಿಯ ರಬ್ಬರಿಗೆ ರೂಢಿಯಲ್ಲಿ ಆ ಹೆಸರೇ ಉಳಿದಿದೆ. ದೋಣಿಯ ಫಲಕದಲ್ಲಿ ಅಥವಾ ತಯಾರಕರ ಕೈಪಿಡಿಯಲ್ಲಿ ಬಟ್ಟೆಯ ಜಾತಿಯನ್ನು ನಮೂದಿಸಿರುತ್ತಾರೆ. ಪಿವಿಸಿ ಬಟ್ಟೆಗೆ ಎರಡು ಭಾಗಗಳ ಪಾಲಿಯುರಿಥೇನ್ ಅಂಟು, ಹೈಪಲಾನಿಗೆ ಎರಡು ಭಾಗಗಳ ನಿಯೋಪ್ರೀನ್ ಅಂಟು. ತೇಪೆಯೂ ಆಯಾ ಜಾತಿಯ ಬಟ್ಟೆಯದೇ ಆಗಿರಬೇಕು. ಸೈಕಲ್ ಪಂಕ್ಚರಿನ ಅಂಟು ಈ ಎರಡಕ್ಕೂ ನಿಲ್ಲದು. ಅದು ಹಿಡಿದಂತೆ ತೋರುತ್ತದೆ. ಗಾಳಿ ತುಂಬಿ ಬಿಸಿಲಿಗೆ ಇಟ್ಟರೆ ಎದ್ದುಬರುತ್ತದೆ. ಹಿಡಿದಂತೆ ತೋರಿ ಕೈಬಿಡುವ ತೇಪೆಯು ತೇಪೆಯಿಲ್ಲದುದಕ್ಕಿಂತ ಕೆಟ್ಟದು.

ದೋಣಿಯ ಗಾಳಿಯನ್ನು ಪೂರ್ಣವಾಗಿ ತೆಗೆದು, ದೋಷವಿರುವ ಭಾಗವನ್ನು ಸಮತಟ್ಟಾದ ಹಲಗೆಯ ಮೇಲೆ ಹರಡಬೇಕು. ರಂಧ್ರದಿಂದ ಎಲ್ಲ ಕಡೆಗೂ ಕನಿಷ್ಠ 5 ಸೆಂಟಿಮೀಟರ್ ಆವರಿಸುವಷ್ಟು ದೊಡ್ಡ ತೇಪೆಯನ್ನು ಕತ್ತರಿಸಬೇಕು. ಅದಕ್ಕೆ ಮೂಲೆಗಳಿರಕೂಡದು, ಮೂಲೆಯಿದ್ದಲ್ಲಿ ತೇಪೆ ಏಳಲು ಆರಂಭಿಸುತ್ತದೆ. ತೇಪೆಯನ್ನು ಇಟ್ಟು ಸುತ್ತ ಗೆರೆ ಎಳೆದುಕೊಂಡು, ತೇಪೆಯ ಒಳಮೈಯನ್ನೂ ದೋಣಿಯ ಮೈಯನ್ನೂ ನುಣುಪಾದ ಉಜ್ಜುಕಾಗದದಿಂದ ಹೊಳಪು ಹೋಗುವವರೆಗೆ ಮಾತ್ರ ಹಗುರಾಗಿ ಉಜ್ಜಬೇಕು. ಒಳಗಿನ ನೂಲು ಕಾಣುವಷ್ಟು ಉಜ್ಜಿದರೆ ಹೊಸ ಸೋರಿಕೆಯನ್ನು ನಾವೇ ಮಾಡಿದಂತಾಗುವುದು. ಬಳಿಕ ಅಂಟಿನ ತಯಾರಕರು ಸೂಚಿಸಿದ ದ್ರಾವಕದಿಂದ ಒರಸಿ, ಬೆರಳು ತಾಗಿಸದೆ ಒಣಗಲು ಬಿಡಬೇಕು.

ಅಂಟಿನ ಎರಡು ಭಾಗಗಳನ್ನು ಡಬ್ಬಿಯ ಮೇಲೆ ಹೇಳಿದ ಪ್ರಮಾಣದಲ್ಲಿ ಕಲಸಿ, ಎರಡೂ ಮೈಗಳಿಗೆ ತೆಳುವಾಗಿ ಸವರಬೇಕು. ಮೊದಲ ಲೇಪ ಆರಿದ ಮೇಲೆ ಎರಡನೆಯದು, ಅವಶ್ಯವಿದ್ದರೆ ಮೂರನೆಯದು. ಕೊನೆಯ ಲೇಪವು ಬೆರಳಿಗೆ ಹತ್ತದೆ ಕೇವಲ ಜಿಗುಟಾಗಿ ತೋರುವ ಹದಕ್ಕೆ ಬಂದಾಗ, ತೇಪೆಯನ್ನು ಒಂದು ಬದಿಯಿಂದ ಮೆಲ್ಲಗೆ ಇಳಿಸಿ, ನಡುವಿನಿಂದ ಅಂಚಿನ ಕಡೆಗೆ ಉರುಳೆಯಿಂದ ಒತ್ತಿ ಒಳಗೆ ಗಾಳಿ ಉಳಿಯದಂತೆ ಮಾಡಬೇಕು. ಮೇಲೆ ಹಲಗೆಯಿಟ್ಟು ಭಾರ ಹೇರಬೇಕು. 24 ಗಂಟೆಗಳ ಮೊದಲು ಗಾಳಿ ತುಂಬಲಾಗದು; ಅಂಟು ಪೂರ್ಣಬಲಕ್ಕೆ ಬರಲು ಸುಮಾರು 7 ದಿನಗಳು ಬೇಕು. ಅನಂತರ ಮತ್ತೆ ಸಾಬೂನು ನೀರು, ಮತ್ತೆ ಒಂದು ಹಗಲಿರುಳಿನ ವಹಿ. ದ್ರಾವಕವೂ ಅಂಟೂ ಬೇಗನೆ ಬೆಂಕಿ ಹತ್ತುವ ವಸ್ತುಗಳು, ಅವುಗಳ ಆವಿಯು ಶ್ವಾಸಕ್ಕೆ ಹಿತವಲ್ಲ. ಆದ್ದರಿಂದ ಕೆಲಸವನ್ನು ಗಾಳಿಯಾಡುವ ಪಡಸಾಲೆಯಲ್ಲಿ, ದೀಪ ಬೀಡಿಗಳಿಂದ ದೂರದಲ್ಲಿ, ಕೈಗವಸು ತೊಟ್ಟು ದೊಡ್ಡವರೇ ಮಾಡತಕ್ಕದ್ದು. ವಿದ್ಯಾರ್ಥಿಗಳು ದೂರದಿಂದ ನೋಡಿ ಕಲಿಯಲಿ.

ಕಾಲನಿಯಮ

ಈ ಎಲ್ಲವನ್ನೂ ಯಾವಾಗ ಮಾಡಬೇಕೆಂಬುದು ಹೇಗೆ ಮಾಡಬೇಕೆಂಬುದಕ್ಕಿಂತ ಮುಖ್ಯ. ಗಾಳಿಯಲ್ಲಿ ತೇವ ಹೆಚ್ಚಿದ್ದಾಗ ಅಂಟಿನ ದ್ರಾವಕವು ಆರುವ ಹೊತ್ತಿಗೆ ಅದರ ಮೇಲೆ ಕಣ್ಣಿಗೆ ಕಾಣದ ತೇವವು ಕುಳಿತು ಹಿಡಿತವನ್ನು ಕೆಡಿಸುತ್ತದೆ. ಮಳೆ ಹಿಡಿದ ಮೇಲೆ ಹಾಕಿದ ತೇಪೆಯನ್ನು ನಂಬುವಂತಿಲ್ಲ. ನೆರೆಯ ಸುದ್ದಿ ಬಂದ ದಿನ ದೋಣಿಯನ್ನು ಬಿಚ್ಚಿದರೆ ಸೋರಿಕೆಯು ಕಂಡರೂ ಅದಕ್ಕೆ ಮದ್ದಿಲ್ಲ; ಒಣಹವೆಯೂ ಇಲ್ಲ, ಏಳು ದಿನಗಳೂ ಇಲ್ಲ. ಆದುದರಿಂದ ರೈತನು ಮುಂಗಾರಿಗೆ ಮೊದಲು ನೇಗಿಲು ಕುಂಟೆಗಳನ್ನು ಸಜ್ಜುಗೊಳಿಸುವಂತೆ, ಯುಗಾದಿಯಂದು ದೋಣಿಯನ್ನು ಬಿಚ್ಚಿ ತುಂಬಿ, ಬಸವ ಜಯಂತಿಯೊಳಗೆ ಪರೀಕ್ಷೆ, ತೇಪೆ, ಮರುಪರೀಕ್ಷೆಗಳನ್ನು ಮುಗಿಸುವುದು ಯೋಗ್ಯ. ಚೈತ್ರ ಶುದ್ಧ ಪ್ರತಿಪದೆಯಿಂದ ವೈಶಾಖ ಶುದ್ಧ ತೃತೀಯೆಯವರೆಗೆ ಒಂದು ತಿಂಗಳಿಗೂ ಮೇಲ್ಪಟ್ಟ ಅವಕಾಶವಿದೆ; ಕಾರ್ಖಾನೆಗೆ ಕಳುಹಿಸಬೇಕಾಗಿ ಬಂದರೂ ಮಳೆಗಾಲಕ್ಕೆ ಮೊದಲು ದೋಣಿ ಹಿಂದಿರುಗುತ್ತದೆ.

ಬಳಸಿದ ಮೇಲೆ ದೋಣಿಯನ್ನು ಶುದ್ಧಜಲದಿಂದ ತೊಳೆದು, ಮಡಿಕೆಗಳಲ್ಲಿ ಸಹ ತೇವ ಉಳಿಯದಂತೆ ನೆರಳಿನಲ್ಲಿ ಒಣಗಿಸಿ, ಸಡಿಲವಾಗಿ ಸುತ್ತಿ, ನೆಲದಿಂದ ಎತ್ತರದಲ್ಲಿ ಇಲಿಗಳಿಗೆ ಎಟುಕದಂತೆ ಇಡಬೇಕು. ಪೆಟ್ರೋಲು, ಎಂಜಿನ್ ಎಣ್ಣೆಗಳ ಡಬ್ಬಿಗಳನ್ನು ಅದರ ಬಳಿ ಇಡಕೂಡದು.

ಉಪಸಂಹಾರ

ದಾನಿಗಳಾದ ಮಹನೀಯರಲ್ಲಿ ಒಂದು ಬಿನ್ನಹವಿದೆ. ದೋಣಿಯನ್ನು ಕೊಡುವವರು ನಮ್ಮ ನಾಡಿನಲ್ಲಿ ಇದ್ದಾರೆ. ಕೊಟ್ಟ ದಿನ ಅದಕ್ಕೆ ಹೂಮಾಲೆಯೂ ಸಿಗುತ್ತದೆ. ಅಂಟು, ತೇಪೆಯ ಬಟ್ಟೆ, ವಾಲ್ವಿನ ಬಿಲ್ಲೆ, ಒತ್ತಡಮಾಪಕ ಇವುಗಳನ್ನು ಕೊಡುವವರು ವಿರಳ. ಅಂಟು ಕಾಲಕ್ರಮದಲ್ಲಿ ಕೆಡುವ ವಸ್ತುವಾದುದರಿಂದ ಅದನ್ನು ಆಗಾಗ ಹೊಸದಾಗಿ ಕೊಳ್ಳಬೇಕಾಗುತ್ತದೆ. ಇದರ ವೆಚ್ಚವು ದೋಣಿಯ ಬೆಲೆಯ ಮುಂದೆ ಅತ್ಯಲ್ಪ. ಆದರೆ ಅದಿಲ್ಲದಿದ್ದರೆ ದೋಣಿಗೆ ತೆತ್ತ ಹಣವೆಲ್ಲ ಉಗ್ರಾಣದ ಮೂಲೆಯಲ್ಲಿ ಉಳಿಯುತ್ತದೆ. ದಾಸೋಹವು ಕೊಟ್ಟ ದಿನಕ್ಕೇ ಮುಗಿಯುವುದಲ್ಲ. ಕೊಟ್ಟುದನ್ನು ಕೆಲಸಕ್ಕೆ ಬರುವಂತೆ ಉಳಿಸಿಕೊಳ್ಳುವ ಕಾಯಕವೂ ಅದರ ಒಂದು ಅಂಗ.

ನಮ್ಮ ದೋಣಿಯ ಮೂರನೆಯ ಕೋಣೆಯು ತೇಪೆಯಾದ ಎಂಟನೆಯ ದಿನ ಮುಂಜಾನೆಯಿಂದ ಮುಂಜಾನೆಗೆ ಉಳಿದ ಕೋಣೆಗಳಂತೆಯೇ 0.24 ಬಾರ್ ತೋರಿಸಿತು. ಆ ವಹಿಯನ್ನು ಶಾಲೆಯ ಕಾರ್ಯಾಲಯದಲ್ಲಿ ಇಡಲಾಗಿದ್ದು ಯಾರು ಬೇಕಾದರೂ ನೋಡಬಹುದು. ಬರುವ ಯುಗಾದಿಯಂದು ದೋಣಿಯನ್ನು ಮತ್ತೆ ಬಿಚ್ಚಿ ತುಂಬಲಾಗುವುದು. ಊರಿನಲ್ಲಿರುವ ಹಳೆಯ ವಿದ್ಯಾರ್ಥಿಗಳು ಆ ದಿನ ಬಂದು ಕೈಜೋಡಿಸಿದರೆ, ಈ ಕ್ರಮವು ಒಬ್ಬಿಬ್ಬರ ನೆನಪಿನಲ್ಲಿ ನಿಲ್ಲದೆ ಹತ್ತು ಜನರ ಕೈಯಲ್ಲಿ ನಿಲ್ಲುತ್ತದೆ. ಪೂಜ್ಯ ಶ್ರೀಗಳವರ ಆಶೀರ್ವಾದದಿಂದ ಆ ದೋಣಿಯನ್ನು ನೀರಿಗಿಳಿಸುವ ಸಂದರ್ಭವೇ ಬಾರದಿರಲಿ. ಬಂದರೆ ಅದು ಬಿಗಿಯಾಗಿ ನಿಂತಿರಲಿ.